ಒಂದೇ ಬರಿಯೆಂದು ಹೇಳಿದವರು

ಬಂಟ್ವಾಳ
೧೭ ಆಗಸ್ಟ್ ೨೦೨೪

ಉಜ್ವಲ್,

ಇಂದು ಆಗಸ್ಟ್ ಹದಿನೇಳು, ಶನಿವಾರ. ಶುಭಕಾರ್ಯ ನಡೆಯದ ಆಟಿ ತಿಂಗಳು ಮುಗಿದಿದೆ. ಈ ಪತ್ರದ ಉದ್ದೇಶ ಒಂದೇ: ನೀನು ಬೆಳ್ತಂಗಡಿಯ ನಿಮ್ಮ ಕುಟುಂಬದ ಮನೆಗೆ ಹೋಗಿ, ನಿನ್ನ ತಾಯಿಯ ಬರಿ, ಆ ತಾಯಿಕುಲದ ಹೆಸರು, ಯಾವುದೆಂದು ಹಿರಿಯರಲ್ಲಿ ಖಚಿತವಾಗಿ ಕೇಳಿಕೊಂಡು ಬರುವ ದಿನಾಂಕವನ್ನು ನನಗೆ ಬರವಣಿಗೆಯಲ್ಲಿ ತಿಳಿಸಬೇಕು.

ಬರವಣಿಗೆಯಲ್ಲಿ ಎಂದದ್ದಕ್ಕೆ ಕಾರಣವಿದೆ. ಕಳೆದ ಮೂರು ತಿಂಗಳಲ್ಲಿ ನೀನು ನನ್ನ ಮೊಬೈಲಿಗೆ ಕಳುಹಿಸಿ, ನಾನು ಓದಿದ ಮೇಲೆ ಅಳಿಸಿಹಾಕಿದ ಸಂದೇಶಗಳು ಇಪ್ಪತ್ತಮೂರು. ಪ್ರತಿಯೊಂದರಲ್ಲಿಯೂ ಒಂದು ದಿನಾಂಕವಿತ್ತು. ಕಾಗದದ ಮೇಲೆ ಬರೆದದ್ದನ್ನು ನೀನು ಪುತ್ತಿಗೆಯಲ್ಲಿ ಕುಳಿತು ಅಳಿಸಲಾರೆ. ಆದ್ದರಿಂದ ಇನ್ನು ಮುಂದೆ ನಮ್ಮ ಮಾತು ಅಂಚೆಯಲ್ಲಿಯೇ ನಡೆಯಲಿ.

ನಡೆದದ್ದನ್ನು ನೀನು ಮರೆತಂತೆ ಕಾಣುವುದರಿಂದ ನೆನಪಿಸುತ್ತೇನೆ. ಮೇ ತಿಂಗಳಲ್ಲಿ ಬಿ.ಸಿ. ರೋಡಿನ ಮದುವೆ ಹಾಲಿನಲ್ಲಿ ನಿನ್ನ ಅಮ್ಮನ ಅಣ್ಣ ರಮಾನಾಥ ಮಾವ ಊಟ ಮುಗಿಸಿ, ಕೈ ತೊಳೆದು, ನನ್ನ ಅಮ್ಮನ ಎದುರು ಕುಳಿತು ಕೇಳಿದರು: "ನಿಮ್ಮ ಬರಿ ಯಾವುದಮ್ಮ?" ಅಮ್ಮ ಬಂಗೇರ ಎಂದಳು. ಅವರು ಕರವಸ್ತ್ರವನ್ನು ಮಡಚಿ ಜೇಬಿಗಿಟ್ಟು, "ನಮ್ಮದೂ ಅದೇ. ಹಾಗಾದರೆ ಇವರಿಬ್ಬರು ಅಣ್ಣ ತಂಗಿ ಆದರು" ಎಂದು ಎದ್ದರು. ಅಷ್ಟೇ. ಐದು ವರ್ಷ ಒಂದೇ ಬೆಂಚಿನ ಎರಡು ತುದಿಗಳಲ್ಲಿ ಕುಳಿತು ಓದಿದವರನ್ನು, ತಾಯಿಯಿಂದ ಮಕ್ಕಳಿಗೆ ಬರುವ ಒಂದು ಹೆಸರು ಒಂದೇ ನಿಮಿಷದಲ್ಲಿ ಒಡಹುಟ್ಟಿದವರನ್ನಾಗಿ ಮಾಡಿತು.

ಮರುದಿನ ನೀನೇ ಫೋನ್ ಮಾಡಿ ಹೇಳಿದೆ: "ಅಮ್ಮನ ಬರಿಯ ವಿಷಯದಲ್ಲಿ ನನಗೆ ಒಂದು ಸಂಶಯ ಉಂಟು. ಕೇಳಿಕೊಂಡು ಬರ್ತೇನೆ. ಕಾಯಿ." ಆ ಒಂದು ಮಾತಿನ ಮೇಲೆ ನಾನು ಕಾಯುತ್ತಿದ್ದೇನೆ. ಆಟಿಯಲ್ಲಿ ಇಂಥ ಮಾತು ಎತ್ತಬಾರದು ಎಂದು ನೀನು ಹೇಳಿದೆ, ನಾನು ಒಪ್ಪಿದೆ. ಈಗ ಆಟಿ ಇಲ್ಲ. ದಿನಾಂಕ ಬರೆ.

ಇತಿ,
ಸುರಕ್ಷಾ

*

ಪುತ್ತಿಗೆ
೨ ಸೆಪ್ಟೆಂಬರ್ ೨೦೨೪

ಪ್ರೀತಿಯ ಸುರಕ್ಷಾ,

ನಿನ್ನ ಕಾಗದ ಮೂಡಬಿದ್ರೆಗೆ, ಮಾವನ ಹೋಟೆಲಿಗೇ ಬಂತು. ದೋಸೆ ಕಾವಲಿಯ ಹತ್ತಿರ ನಿಂತಿದ್ದ ಅಮಲ್ ಲಕೋಟೆ ನೋಡಿ, "ಏನಣ್ಣ, ಕೋರ್ಟಿನ ನೋಟೀಸಾ?" ಅಂತ ಕೇಳಿದ. ಓದಿದ ಮೇಲೆ ಹೌದು ಅಂತ ಹೇಳಿದೆ.

ಬೈಬೇಡ ಮಾರಾಯ್ತಿ. ಹೋಗ್ತೇನೆ. ಚೌತಿ ಹತ್ತಿರ ಬಂತು, ಹೋಟೆಲಿನಲ್ಲಿ ಕಾಲಿಡಲಿಕ್ಕೆ ಜಾಗ ಇಲ್ಲ. ಅದು ಮುಗಿದರೆ ನವರಾತ್ರಿ. ಮಾವನಿಗೆ ಈಗ ಮಂಡಿನೋವು, ಮೆಟ್ಟಿಲು ಹತ್ತುವುದಿಲ್ಲ, ಎಲ್ಲ ನಾನೇ ನೋಡಬೇಕು. ಅವರಿಗೆ ಮದುವೆ ಮಕ್ಕಳು ಏನೂ ಇಲ್ಲ ಅಂತ ನಿನಗೆ ಗೊತ್ತುಂಟಲ್ಲ. "ಅಳಿಯ ಇದ್ದಾನೆ, ನನಗೇನು" ಅಂತ ಬಂದ ಗಿರಾಕಿಗಳಿಗೆಲ್ಲ ಹೇಳ್ತಾರೆ. ಹಾಗೆ ಹೇಳುವಾಗ ಬಿಟ್ಟು ಹೋಗಲಿಕ್ಕೆ ಆಗುವುದಿಲ್ಲ.

ದಸರಾ ಕಳೆದ ಮೊದಲ ಭಾನುವಾರ ಬೆಳ್ತಂಗಡಿಗೆ ಹೋಗ್ತೇನೆ. ಬರೆದು ಕೊಟ್ಟಿದ್ದೇನೆ, ಸಾಕಲ್ಲ? ನೀನು ಊಟ ಸರಿ ಮಾಡು.

ನಿನ್ನ,
ಉಜ್ವಲ್

*

ಉಜಿರೆ
೨೦ ಅಕ್ಟೋಬರ್ ೨೦೨೪

ಉಜ್ವಲ್,

ದಸರಾ ಕಳೆದು ಎರಡನೆಯ ಭಾನುವಾರವೂ ಬಂದಿದೆ. ಮೊದಲ ಭಾನುವಾರ ನೀನು ಬೆಳ್ತಂಗಡಿಗೆ ಬರಲಿಲ್ಲವೆಂದು ನನಗೆ ಚೆನ್ನಾಗಿ ಗೊತ್ತು. ಏಕೆಂದರೆ ಆ ದಿನ ಬೆಳಗಿನಿಂದ ಸಂಜೆಯವರೆಗೆ ನಾನು ಬೆಳ್ತಂಗಡಿಯಲ್ಲಿಯೇ ಇದ್ದೆ. ಕಾಲೇಜಿಗೆ ರಜೆ. ಅತಿಥಿ ಉಪನ್ಯಾಸಕಿಗೆ ಭಾನುವಾರ ಅಲ್ಲಿ ಯಾವ ಕೆಲಸವೂ ಇರುವುದಿಲ್ಲ. ಆದರೂ ಬಸ್ ನಿಲ್ದಾಣದ ಎದುರಿನ ಜ್ಯೂಸ್ ಅಂಗಡಿಯಲ್ಲಿ ಮೂರು ಸಲ ಲಿಂಬೆ ಶರಬತ್ತು ಕುಡಿದು, ಮೂಡಬಿದ್ರೆ ಕಡೆಯ ಬಸ್ಸುಗಳಿಂದ ಇಳಿಯುವವರನ್ನು ನೋಡುತ್ತ ಕುಳಿತಿದ್ದೆ.

ನನ್ನ ಕೋಣೆಯಲ್ಲಿರುವ ನವ್ಯಾ ಇದನ್ನು ಹೇಗೋ ತಿಳಿದುಕೊಂಡು ಮೊನ್ನೆ ಕೇಳಿದಳು: "ಎಂ.ಎ.ಯಲ್ಲಿ ಫಸ್ಟ್ ರ‍್ಯಾಂಕ್ ಬಂದವರಿಗೆ ಬಸ್ಸಿನ ಟೈಮ್ ಓದಲಿಕ್ಕೆ ಬರುವುದಿಲ್ಲವಾ? ನೀವು ಕಾಯುವ ಆ ಬಸ್ಸು ಕ್ಯಾನ್ಸಲ್ ಆಗಿ ಯಾವ ಕಾಲ ಆಯಿತು." ನಾನು ಅವಳೊಂದಿಗೆ ಇಡೀ ಸಂಜೆ ಮಾತನಾಡಲಿಲ್ಲ. ಅವಳು ತಪ್ಪು ಹೇಳಿದ್ದರೆ ಮಾತನಾಡುತ್ತಿದ್ದೆ.

ಶನಿವಾರಗಳಲ್ಲಿ ಉಜಿರೆಯಿಂದ ಬಂಟ್ವಾಳಕ್ಕೆ ಹೋಗುವ ದಾರಿಯಲ್ಲಿ ನನಗೆ ಏನಾಗುತ್ತದೆಂದು ನಿನಗೆ ತಿಳಿದಿರಲಿ. ಗುರುವಾಯನಕೆರೆಯವರೆಗೆ ನಿನ್ನ ಮೇಲೆ ಸಿಟ್ಟಿರುತ್ತದೆ. ಶುದ್ಧವಾದ, ಉಪಯೋಗಕ್ಕೆ ಬರುವಂಥ ಸಿಟ್ಟು. ಮಡಂತ್ಯಾರಿನಲ್ಲಿ ಬಸ್ಸು ಖಾಲಿಯಾಗಿ ಕಿಟಕಿಯ ಬದಿಯ ಸೀಟು ಸಿಗುತ್ತದೆ, ಗಾಳಿ ಬರುತ್ತದೆ. ಆಗ ಗ್ರಂಥಾಲಯದಲ್ಲಿ ನೀನು ಮೇಜಿನ ಮೇಲೆ ತಲೆಯಿಟ್ಟು ನಿದ್ದೆ ಹೋಗುತ್ತಿದ್ದುದು, ಎದ್ದ ಮೇಲೆ ಕೆನ್ನೆಯ ಮೇಲೆ ಪುಸ್ತಕದ ಅಂಚಿನ ಗೆರೆ ಉಳಿಯುತ್ತಿದ್ದುದು ನೆನಪಾಗುತ್ತದೆ. ಪುಂಜಾಲಕಟ್ಟೆ ದಾಟುವಾಗ ನಿನ್ನ ಪರವಾಗಿ ನಾನೇ ವಾದ ಮಾಡುತ್ತಿರುತ್ತೇನೆ. ವಗ್ಗ ಬರುವಷ್ಟರಲ್ಲಿ ನಿನಗೆ ಬೇಕಾದ ನೆಪವನ್ನು ನಿನಗಿಂತ ಚೆನ್ನಾಗಿ, ಒಳ್ಳೆಯ ಕನ್ನಡದಲ್ಲಿ ನಾನೇ ಕಟ್ಟಿಕೊಟ್ಟು, ನಂಬಿ, ಬಂಟ್ವಾಳದಲ್ಲಿ ಇಳಿಯುತ್ತೇನೆ. ಪ್ರತಿ ವಾರ ಅದೇ ರಸ್ತೆ, ಅದೇ ಸೋಲು. ಮನೆಯಲ್ಲಿ ಅಮ್ಮ ಏನನ್ನೂ ಕೇಳುವುದಿಲ್ಲ; ಬಡಿಸುವಾಗ ಒಂದು ಸೌಟು ಹೆಚ್ಚು ಹಾಕುತ್ತಾಳೆ. ಅವಳ ಕರುಣೆಯನ್ನು ತಿನ್ನುವುದು ನನಗೆ ನಿನ್ನ ಮೌನಕ್ಕಿಂತ ಕಷ್ಟವಾಗಿದೆ.

ನಾನು ಯಾವ ಪರೀಕ್ಷೆಯಲ್ಲಿಯೂ ಉತ್ತರ ಗೊತ್ತಿಲ್ಲದೆ ಮೂರು ಗಂಟೆ ಕುಳಿತವಳಲ್ಲ. ದಿನಾಂಕ ಬರೆ. ಈ ಸಲ ಹಬ್ಬದ ಹೆಸರು ಬೇಡ.

ಇತಿ,
ಸುರಕ್ಷಾ

*

ಪುತ್ತಿಗೆ
೧೮ ಡಿಸೆಂಬರ್ ೨೦೨೪

ಪ್ರೀತಿಯ ಸುರಕ್ಷಾ,

ಉತ್ತರ ತಡ ಆಯಿತು. ಕುಟುಂಬದ ಮನೆಯಲ್ಲಿ ದೈವದ ತಂಬಿಲ, ವರ್ಷದ ಸೇವೆ, ಆಗದೆ ಯಾರೂ ಇಂಥ ವಿಷಯ ಮಾತಾಡುವುದಿಲ್ಲ ಅಂತ ಹೇಳಿದರು. ತಂಬಿಲ ಇಟ್ಟದ್ದು ಡಿಸೆಂಬರ್ ಮೊದಲ ವಾರ. ಅಷ್ಟರಲ್ಲಿ ಕಲ್ಲಡ್ಕದಲ್ಲಿ ಅಮ್ಮನ ಕಡೆಯ ಒಬ್ಬರು ಅಜ್ಜ ತೀರಿಕೊಂಡರು. ಅಮ್ಮನಿಗೆ ಸೂತಕ. ಉತ್ತರಕ್ರಿಯೆಯ ಬೊಜ್ಜ ಮುಗಿಯುವವರೆಗೆ ದೀಪ ಹಚ್ಚಲಿಲ್ಲ, ದೇವಸ್ಥಾನಕ್ಕೂ ಇಲ್ಲ. ಸೂತಕದಲ್ಲಿ ತಂಬಿಲಕ್ಕೆ ಹೇಗೆ ಹೋಗುವುದು ಹೇಳು? ನಾವಿಬ್ಬರೂ ಹೋಗಲಿಲ್ಲ.

ಇದು ನೆಪ ಅಲ್ಲ. ಬೇಕಾದರೆ ಯಾರಲ್ಲಾದರೂ ಕೇಳು. ಇನ್ನು ಹೊಸ ವರ್ಷದಲ್ಲಿ ನೋಡುವ. ನೀನು ಜ್ಯೂಸ್ ಅಂಗಡಿಯಲ್ಲಿ ಕೂತದ್ದು ಓದಿ ನನಗೆ ಎರಡು ದಿನ ಏನೂ ಸೇರಲಿಲ್ಲ.

ನಿನ್ನ,
ಉಜ್ವಲ್

*

ಬಂಟ್ವಾಳ
೧೨ ಜನವರಿ ೨೦೨೫

ಉಜ್ವಲ್,

"ಬೇಕಾದರೆ ಯಾರಲ್ಲಾದರೂ ಕೇಳು" ಎಂದು ಬರೆದಿದ್ದೆ. ಕೇಳಿದೆ.

ನಿನ್ನ ಪತ್ರವನ್ನು ಅಮ್ಮನ ಮುಂದೆ ಓದಿರಲಿಲ್ಲ. ಆದರೆ ಊಟದ ಹೊತ್ತಿನಲ್ಲಿ ಸುಮ್ಮನೆ ಎಂಬಂತೆ ವಿಚಾರಿಸಿದೆ: ನಮ್ಮಲ್ಲಿ ಸೂತಕ ಯಾರಿಗೆ ತಾಗುತ್ತದೆ? ಅಮ್ಮ ತಲೆಯೆತ್ತದೆ ಹೇಳಿದಳು: "ಒಂದೇ ಬರಿಯ ಕುಟುಂಬದವರಿಗೆ. ಬೇರೆಯವರು ಹೋಗಿ ಮುಖ ನೋಡಿ, ಬಂದು ಮಿಂದರೆ ಮುಗಿಯಿತು." ಬೆಳ್ತಂಗಡಿಯ ಬಂಗೇರ ಬರಿಯ ಮಗಳಿಗೆ ಕಲ್ಲಡ್ಕದ ಅಜ್ಜನ ಸೂತಕ ಹೇಗೆ ತಾಗಿತು? ಅದೂ ತನ್ನ ಕುಟುಂಬದ ಮನೆಯ ತಂಬಿಲವನ್ನೇ ಬಿಡುವಷ್ಟು?

ನಿನ್ನೆ ಬಿ.ಸಿ. ರೋಡಿನಿಂದ ಪುತ್ತೂರು ಕಡೆಯ ಬಸ್ಸು ಹತ್ತಿದೆ. ಕಲ್ಲಡ್ಕದಲ್ಲಿ ದಿನಸಿ ಅಂಗಡಿಯ ಅಬ್ದುಲ್ ಶುಕೂರ್ ಎಂಬವರಲ್ಲಿ, ಕಳೆದ ತಿಂಗಳು ಬೊಜ್ಜ ನಡೆದ ಮನೆ ಯಾವುದೆಂದು ಕೇಳಿದೆ. ಅವರು ನನ್ನ ಬ್ಯಾಗನ್ನೂ ಕನ್ನಡಕವನ್ನೂ ನೋಡಿ, "ನೀವು ಬ್ಯಾಂಕಿನವರಾ?" ಎಂದರು. ಅಲ್ಲ ಎಂದೆ. "ಹಾಗಾದರೆ ಹೇಳಬಹುದು. ಶಾಲೆಯ ಹಿಂದೆ, ಹಸಿರು ಗೇಟು. ಬೊಜ್ಜಕ್ಕೆ ಅಕ್ಕಿ ನಮ್ಮಲ್ಲಿಂದಲೇ ಹೋದದ್ದು."

ಹಸಿರು ಗೇಟಿನ ಮನೆಯಲ್ಲಿ ವಾರಿಜಕ್ಕ ಎಂಬ ಎಪ್ಪತ್ತೈದು ವರ್ಷದವರು ಹಲಸಿನ ಹಪ್ಪಳದ ಡಬ್ಬಿ ಬಿಚ್ಚುತ್ತ ಕುಳಿತಿದ್ದರು. ತೀರಿಕೊಂಡವರು ಅವರ ಅಣ್ಣ. ಪುತ್ತಿಗೆಯ ಶಶಿಪ್ರಭಾ ನಿಮಗೆ ಏನಾಗಬೇಕು ಎಂದು ನಿನ್ನ ತಾಯಿಯ ಹೆಸರು ಹೇಳಿ ಕೇಳಿದೆ. ಅವರು ನನ್ನನ್ನೇ ತಿರುಗಿ ಕೇಳಿದರು:

"ನೀನು ಯಾರ ಮಗಳು?"

ಹೇಳಿದೆ. ಬರಿಯನ್ನೂ ಹೇಳಿದೆ.

"ಓ. ಆ ಹುಡುಗನಿಗೆ ಹೆಣ್ಣು ಕೇಳಿದ್ದು ನಿನ್ನನ್ನೇ" ಎಂದು ಅವರು ಹಪ್ಪಳವನ್ನು ಬದಿಗಿಟ್ಟರು. "ಶಶಿ ನನ್ನ ಅಕ್ಕನ ಮಗಳು. ಹೆತ್ತು ಒಂಬತ್ತನೇ ದಿನಕ್ಕೆ ಅಕ್ಕ ಹೋದಳು. ಭಾವ ಮಗುವನ್ನು ಬೆಳ್ತಂಗಡಿಗೆ ತನ್ನ ತಂಗಿಯ ಮಡಿಲಿಗೆ ಹಾಕಿ ಬೊಂಬಾಯಿಗೆ ಹೋದವರು ತಿರುಗಿ ಬರಲಿಲ್ಲ. ಅವರ ತಂಗಿಗೆ ಮೂರು ವರ್ಷದ ಮಗ ಇದ್ದ, ರಮಾನಾಥ. ಇವಳನ್ನೂ ತನ್ನದೇ ಅಂತ ಸಾಕಿದಳು. ತನ್ನ ಬರಿಯನ್ನೇ ಹೇಳಿಕೊಟ್ಟಳು. ತಂಬಿಲದ ಪ್ರಸಾದಕ್ಕೆ ಕೈ ಒಡ್ಡಿದ ಮಗುವಿಗೆ, ನೀನು ಈ ಮನೆಯವಳಲ್ಲ ಅಂತ ಹೇಗೆ ಹೇಳುವುದು?" ಮತ್ತೆ ಹೇಳಿದರು: "ನಮ್ಮದು ಕುಂದರನ್ನಾಯ ಬರಿ. ಶಶಿಯದ್ದೂ ಅದೇ. ಬೊಜ್ಜದ ದಿನ ಬಂದಿದ್ದಳು. ಹಿಂದಿನ ಜಗಲಿಯಲ್ಲಿ ಕೂತು ಉಂಡು, ಮುಂದಿನವರ ಊಟ ಏಳುವ ಮೊದಲು ಹೋದಳು."

ಉಜ್ವಲ್, ನೀನು ಎಂಟು ತಿಂಗಳಲ್ಲಿ ಹೋಗಲಾಗದ ದಾರಿಯನ್ನು ನಾನು ಒಂದು ಮಧ್ಯಾಹ್ನದಲ್ಲಿ ಹೋಗಿ ಬಂದಿದ್ದೇನೆ. ನಿನ್ನ ಬರಿ ಬೇರೆ, ನನ್ನ ಬರಿ ಬೇರೆ. ನಾವು ಅಣ್ಣ ತಂಗಿ ಅಲ್ಲ. ಹಿಂದಿರುಗುವ ಬಸ್ಸಿನಲ್ಲಿ ನಾನು ನಕ್ಕೆನೆಂದು ಕಾಣುತ್ತದೆ. ಪಕ್ಕದ ಹೆಂಗಸು ತನ್ನ ಚೀಲವನ್ನು ಸ್ವಲ್ಪ ಆಚೆಗೆ ಎಳೆದುಕೊಂಡಳು.

ಇನ್ನು ನೀನು ಮಾಡಬೇಕಾದದ್ದು ಒಂದೇ ಕೆಲಸ. ಶಿವರಾತ್ರಿಯ ಒಳಗೆ ನಿನ್ನ ಮಾವನಿಗೆ ಹೇಳು.

ಸುರಕ್ಷಾ

*

ಪುತ್ತಿಗೆ
೩೦ ಜನವರಿ ೨೦೨೫

ಸುರಕ್ಷಾ,

ನೀನು ಹೋಗಬಾರದಿತ್ತು.

ನನಗೆ ಗೊತ್ತಿತ್ತು. ಬಿ.ಸಿ. ರೋಡಿನ ಆ ಮದುವೆಯಿಂದ ಬಂದ ದಿನವೇ ಅಮ್ಮ ಹೇಳಿದರು. ಕೇಳಿಕೊಂಡು ಬರ್ತೇನೆ ಅಂತ ನಿನಗೆ ಹೇಳುವಾಗ ಕೇಳಲಿಕ್ಕೆ ಏನೂ ಬಾಕಿ ಇರಲಿಲ್ಲ. ಸುಳ್ಳು ಹೇಳಿದೆ. ಏನಾದರೂ ದಾರಿ ಕಾಣುವವರೆಗೆ ನೀನು ಕಾಯಬೇಕಿತ್ತು, ಅದಕ್ಕೆ.

ಮಾವನಿಗೆ ಅಮ್ಮ ಅಂದರೆ ಒಡಹುಟ್ಟಿದ ತಂಗಿ. ಅವರಿಗೆ ಇದು ಗೊತ್ತೇ ಇಲ್ಲ. ಅಮ್ಮನ ಬರಿ ಬೇರೆ ಅಂತ ಆದರೆ ಅವರು ನನಗೆ ಮಾವನೂ ಅಲ್ಲ, ನಾನು ಅಳಿಯನೂ ಅಲ್ಲ. ಹೋಟೆಲು ತಂಗಿಯ ಮಗನಾದ ಅಳಿಯನಿಗೆ ಅಂತ ಅವರು ಹೇಳುವುದು, ನನಗೆ ಅಂತ ಅಲ್ಲ. ನಾನು ನಿನ್ನ ಹಾಗೆ ಓದಿದವನಲ್ಲ ಸುರಕ್ಷಾ. ಎಂ.ಎ.ಯಲ್ಲಿ ನನಗೆ ಎಷ್ಟು ಬಂತು ಅಂತ ನಿನಗೆ ಗೊತ್ತುಂಟು. ಆ ಹೋಟೆಲು ಬಿಟ್ಟರೆ ನಾನು ಏನು?

ಒಂದು ಉಪಾಯ ಉಂಟು. ಬೈಯದೆ ಓದು. ತಪ್ಪಾದದ್ದು ನಿಮ್ಮ ಕಡೆಯಿಂದ ಅಂತ ಹೇಳುವ. ನಿನ್ನ ಅಮ್ಮ ಆ ದಿನ ಗಡಿಬಿಡಿಯಲ್ಲಿ ಬೇರೆ ಬರಿ ಹೇಳಿದರು, ನಿಜದ ಬರಿ ಇನ್ನೊಂದು. ಒಂದು ಮಾತು, ಅಷ್ಟೇ. ಯಾರು ಹೋಗಿ ನೋಡ್ತಾರೆ? ನಿಮಗೆ ಅದರಿಂದ ಏನೂ ಹೋಗುವುದಿಲ್ಲ.

ಉಜ್ವಲ್

*

ಪುತ್ತಿಗೆ
೧೦ ಫೆಬ್ರವರಿ ೨೦೨೫

ಮಗಾ ಸುರಕ್ಷಾ,

ನಾನು ಉಜ್ವಲನ ತಾಯಿ ಶಶಿಪ್ರಭಾ. ನಿನಗೆ ಬರೆಯುವುದು ಇದೇ ಮೊದಲು. ನನ್ನ ಅಕ್ಷರ ಚೆನ್ನಾಗಿಲ್ಲ, ಎಂಟನೇ ಕ್ಲಾಸಿಗೆ ಬಿಟ್ಟವಳು.

ವಾರಿಜ ಚಿಕ್ಕಮ್ಮ ಫೋನ್ ಮಾಡಿ ನೀನು ಬಂದದ್ದು ಹೇಳಿದರು. ಹುಡುಗಿ ಬುದ್ಧಿವಂತೆ ಎಂದರು.

ನನ್ನನ್ನು ಸಾಕಿದ ಅಮ್ಮ ಸಾಯುವ ಮೊದಲು ನನಗೆ ಮಾತ್ರ ಇದನ್ನು ಹೇಳಿ, ಅಣ್ಣನಿಗೆ ಹೇಳಬೇಡ ಎಂದಿದ್ದರು. ನಾನು ಹೇಳಲಿಲ್ಲ. ಡಿಸೆಂಬರಿನಲ್ಲಿ ಕಲ್ಲಡ್ಕದ ಮಾವ ಹೋದಾಗ, ಒಮ್ಮೆಯಾದರೂ ನನ್ನ ಸ್ವಂತದವರ ಸೂತಕ ಹಿಡಿಯಬೇಕು ಎಂದು ಆಸೆ ಆಯಿತು. ಬಾಗಿಲು ಹಾಕಿಕೊಂಡು ಹಿಡಿದೆ. ನನಗೆ ಜ್ವರ ಎಂದು ಅಣ್ಣನಿಗೆ ಹೇಳಿದೆ. ಅವರು ಮಂಡಿನೋವಿನಲ್ಲೂ ಮೂಡಬಿದ್ರೆಯಿಂದ ಗಂಜಿ ಹಿಡಿದುಕೊಂಡು ಬಂದರು. ಗೇಟಿನ ಹತ್ತಿರ ನಿಂತು, "ಒಳಗೆ ಬರಬೇಡ ಹೇಳ್ತೀಯಾ? ನಿನ್ನ ಜ್ವರ ನನಗೆ ತಾಗಿದರೆ ತಾಗಲಿ" ಎಂದರು. ನಾನು ಬಾಗಿಲಿನ ಹಿಂದೆ ನಿಂತು ಅತ್ತೆ.

ಈ ವಯಸ್ಸಿನಲ್ಲಿ ನನಗೆ ಆ ಅಣ್ಣ ಬೇಕು. ಹೋಟೆಲು ಬೇಡ. ಉಜ್ವಲ ನಿನಗೆ ಏನು ಬರೆದಿದ್ದಾನೆ ಎಂದು ನನಗೆ ಹೇಳುವುದಿಲ್ಲ. ನೀನು ಹೇಳಿದರೆ ಎಲ್ಲ ಹೊರಗೆ ಬರುತ್ತದೆ. ಹೇಳಬೇಡ ಎನ್ನುವ ಅಧಿಕಾರ ನನಗಿಲ್ಲ. ಕೇಳುತ್ತಿದ್ದೇನೆ ಅಷ್ಟೇ.

ಶಶಿಪ್ರಭಾ

*

ಉಜಿರೆ
೨೩ ಫೆಬ್ರವರಿ ೨೦೨೫

ಶಶಿಪ್ರಭಾ ಮಾಮಿಗೆ,

ಒಂದೇ ಬರಿಯೆಂದು ಒಪ್ಪಿದರೆ ನಿಮ್ಮನ್ನು ಚಿಕ್ಕಮ್ಮ ಎಂದು ಬರೆಯಬೇಕಿತ್ತು. ಈ ಕಾಗದದಲ್ಲಿ ಮಾತ್ರ ಅತ್ತೆಯೆಂದು ತಿಳಿದು ಮಾಮಿ ಎನ್ನುತ್ತೇನೆ. ಓದಿದ ಮೇಲೆ ಹರಿದುಹಾಕಿ.

ನಾನು ಯಾರಿಗೂ ಹೇಳುವುದಿಲ್ಲ. ಇದಕ್ಕೆ ನೀವು ಕೇಳಬೇಕಾಗಿರಲಿಲ್ಲ, ಆದರೆ ಕೇಳದಿದ್ದರೆ ನಾನು ಹೇಳಿಬಿಡುತ್ತಿದ್ದೆನೋ ಏನೋ. ಕಲ್ಲಡ್ಕದಿಂದ ಹಿಂದಿರುಗಿದ ದಿನ ನನ್ನ ತಲೆಯಲ್ಲಿದ್ದದ್ದು ಒಂದೇ: ಉತ್ತರ ಸಿಕ್ಕಿತು, ನನಗೇ ಮೊದಲು ಸಿಕ್ಕಿತು. ಆ ಉತ್ತರದ ಒಳಗೆ ಒಬ್ಬರು ಐವತ್ತೈದು ವರ್ಷಗಳಿಂದ ವಾಸವಾಗಿದ್ದಾರೆ ಎಂದು ಹೊಳೆಯಲಿಲ್ಲ. ಬಾಗಿಲು ತಟ್ಟದೆ ಒಳಗೆ ಬಂದೆ. ಕ್ಷಮಿಸಿ.

ಈಚೆಗೆ ಬಸ್ಸಿನಲ್ಲಿ ಕುಳಿತಾಗ ನಾನು ಯೋಚಿಸುವುದು ನಿಮ್ಮ ಮಗನನ್ನಲ್ಲ. ಒಂಬತ್ತು ತಿಂಗಳು ಕಾದವಳು ಯಾರು, ಏಕೆ ಕಾದಳು ಎಂದು. ಪ್ರೀತಿಯಿಂದ ಎಂದೇ ತಿಳಿದಿದ್ದೆ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಹಠ. ಕಾಯುವುದರಲ್ಲಿಯೂ ನನಗೆ ಮೊದಲ ಸ್ಥಾನ ಬೇಕಿತ್ತು. ಯಾರೂ ಇಷ್ಟು ಚೆನ್ನಾಗಿ, ಇಷ್ಟು ಅಚ್ಚುಕಟ್ಟಾಗಿ ಕಾದಿಲ್ಲ ಎಂದು ಅವನು ಒಪ್ಪಬೇಕಿತ್ತು. ಆದರೆ ಉಳಿದ ಅರ್ಧ ಹಠವಲ್ಲ. ಅದನ್ನು ಎಷ್ಟು ಕೆದಕಿದರೂ ತಳ ಸಿಗುತ್ತಿಲ್ಲ. ಅದಕ್ಕಾಗಿಯೇ ಈ ಮುಂದಿನ ಮಾತು.

ಒಂದು ದಾರಿ ಇದೆ. ನಿಮ್ಮ ಗುಟ್ಟು ಇದ್ದಲ್ಲಿಯೇ ಇರಲಿ, ನನ್ನ ಅಮ್ಮನ ಮಾತೂ ಇದ್ದ ಹಾಗೆ ಇರಲಿ. ನಾವಿಬ್ಬರು ಬಂಟ್ವಾಳದ ನೋಂದಣಿ ಕಚೇರಿಯಲ್ಲಿ ಮದುವೆಯಾಗುತ್ತೇವೆ. ಒಂದೇ ಬರಿಯವರು ಮದುವೆಯಾದರು ಎಂದು ಊರು ಹೇಳುತ್ತದೆ. ನಿಮ್ಮ ಅಣ್ಣ ಅವನ ಮೇಲೆ ಸಿಟ್ಟಾಗುತ್ತಾರೆ, ನಿಮ್ಮ ಮೇಲಲ್ಲ. ನಿಮಗೆ ಗಂಜಿ ತರುವುದನ್ನು ನಿಲ್ಲಿಸಲಾರರು. ಆ ಮಾತನ್ನು ನನ್ನ ಮನೆಯಲ್ಲಿ ನಾನು ಹೊರುತ್ತೇನೆ. ಅವನು ಹೋಟೆಲನ್ನು ಬಿಡಬೇಕಾಗಬಹುದು. ನನ್ನ ಸಂಬಳ ಚಿಕ್ಕದು, ಆದರೆ ನಮ್ಮಿಬ್ಬರಿಗೆ ಬದುಕಲು ಬರುತ್ತದೆ.

ಅವನಿಗೆ ನಾನು ಉತ್ತರ ಬರೆದಿಲ್ಲ. ಇದನ್ನು ನೀವೇ ಅವನಿಗೆ ಹೇಳಿ. ಬರುವುದಾದರೆ ಬರಲಿ, ಬಂದು ನನ್ನ ಅಮ್ಮನ ಎದುರು ಕುಳಿತು ಕೇಳಲಿ. ಅಲ್ಲಿಯವರೆಗೆ ಕಾಯುತ್ತೇನೆ, ಇನ್ನೊಂದು ಸಲ.

ನಿಮ್ಮ,
ಸುರಕ್ಷಾ

*

ಮೂಡಬಿದ್ರೆ
೨ ಏಪ್ರಿಲ್ ೨೦೨೫

ಪ್ರೀತಿಯ ಸುರಕ್ಷಾ,

ಸಿಹಿ ಸುದ್ದಿ. ಕೂತು ಓದು.

ಅಮ್ಮ ನಿನ್ನ ನೋಂದಣಿ ಕಚೇರಿಯ ವಿಷಯ ಹೇಳಿದರು. ಅದೆಲ್ಲ ಯಾಕೆ ಮಾರಾಯ್ತಿ, ಸುಲಭದ ದಾರಿ ಇರುವಾಗ? ನೀನು ಎರಡು ತಿಂಗಳು ನನಗೆ ಒಂದು ಗೆರೆ ಬರೆಯಲಿಲ್ಲ. ಬೈಯುವುದಿದ್ದರೆ ನೀನು ಬೈಯದೆ ಬಿಡುವವಳಲ್ಲ. ಹಾಗಾಗಿ ಮೊದಲಿನ ಉಪಾಯಕ್ಕೆ ಒಪ್ಪಿಗೆ ಅಂತಲೇ ತಿಳಿದೆ. ನಿನ್ನೆ ಮಧ್ಯಾಹ್ನ ಊಟದ ರಶ್ ಮುಗಿದ ಮೇಲೆ ಮಾವನ ಹತ್ತಿರ ಮಾತು ತೆಗೆದೆ. ನಿನ್ನ ಅಮ್ಮ ಆ ದಿನ ಗಡಿಬಿಡಿಯಲ್ಲಿ ತಪ್ಪು ಬರಿ ಹೇಳಿದ್ದರಂತೆ, ಈಗ ನಿನ್ನ ಕೈಯಲ್ಲಿ ಹೇಳಿ ಕಳುಹಿಸಿದ್ದಾರೆ, ಅವರದ್ದು ಬಂಗೇರ ಅಲ್ಲವಂತೆ ಅಂತ ಹೇಳಿದೆ. ಮಾವ ಹೊಟ್ಟೆ ಹಿಡಿದುಕೊಂಡು ನಕ್ಕರು. "ಮಗಳು ಫಸ್ಟ್ ರ‍್ಯಾಂಕ್, ತಾಯಿಗೆ ತನ್ನ ಬರಿ ಗೊತ್ತಿಲ್ಲ! ಇರಲಿ ಮಾರಾಯ, ನಾನು ಹೋಗಿ ಆ ತಾಯಿಯ ಬಾಯಿಂದಲೇ ಇನ್ನೊಮ್ಮೆ ಕೇಳಿ, ಮಾತು ಮುಗಿಸಿ ಬರ್ತೇನೆ" ಅಂತ ಹೇಳಿದರು. ಅಮಲ್ ಎಲ್ಲರಿಗೂ ರವೆಯ ಕ್ಷೀರ ಹಂಚಿದ.

ಬಿಸು ಹಬ್ಬದ ಮೊದಲಿನ ಭಾನುವಾರ, ಏಪ್ರಿಲ್ ಹದಿಮೂರು, ಬೆಳಿಗ್ಗೆ ಹತ್ತಕ್ಕೆ ನಿಮ್ಮ ಮನೆಗೆ ಬರ್ತೇವೆ. ಮಾವ, ಅಮ್ಮ, ನಾನು. ನೋಡು, ದಿನಾಂಕ ಬರೆದಿದ್ದೇನೆ. ಈ ಸಲ ತಪ್ಪುವುದಿಲ್ಲ. ಅಮ್ಮನಿಗೆ ಮಾತ್ರ ಸ್ವಲ್ಪ ಬೇಸರ ಉಂಟು, ಯಾಕೆ ಅಂತ ಹೇಳುವುದಿಲ್ಲ, ನಿನ್ನೆಯಿಂದ ಊಟ ಬಿಟ್ಟಿದ್ದಾರೆ. ಸರಿ ಆಗ್ತಾರೆ. ನಿನ್ನ ಅಮ್ಮನಿಗೆ ಏನು ಹೇಳಬೇಕು ಅಂತ ಮೊದಲೇ ತಯಾರು ಮಾಡಿ ಇಡು. ಕುಂದರನ್ನಾಯ ಅಂತ ಮಾತ್ರ ಹೇಳಬೇಡಿ, ಬೇರೆ ಯಾವುದಾದರೂ ಹೇಳಿ.

ನಿನ್ನವನೇ ಆದ,
ಉಜ್ವಲ್

*

ಬಂಟ್ವಾಳ
೫ ಏಪ್ರಿಲ್ ೨೦೨೫

ಉಜ್ವಲ್ ಅವರಿಗೆ,

ಏಪ್ರಿಲ್ ಎರಡರ ನಿಮ್ಮ ಪತ್ರ ಇಂದು ಮಧ್ಯಾಹ್ನ ತಲುಪಿತು. ಅದನ್ನು ನನ್ನ ಅಮ್ಮನಿಗೆ ಓದಿ ಹೇಳಿಲ್ಲ. ಹದಿಮೂರರಂದು ನಿಮ್ಮ ಮನೆಯವರು ಬರುವುದು ಬೇಡ.

ನಾನು ನಿಮ್ಮನ್ನು ಮದುವೆಯಾಗುವುದಿಲ್ಲ.

ಸುರಕ್ಷಾ